ಎಸ್ಕೇಪ್ ಕೋಡ್ ಸಾಕಲ್ವಾ, ಕರ್ಸಸ್ ಯಾಕೆ?

ಪ್ರಶ್ನೆ: ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. 12 ಕುಲುಮೆಗಳ ಉಷ್ಣತೆಯನ್ನು ಸೆಕೆಂಡಿಗೊಮ್ಮೆ ತೋರಿಸುವ ಪ್ರೋಗ್ರಾಂ ಬರೆದಿದ್ದೇನೆ, ಲಿನಕ್ಸ್ ಮೇಲೆ, ಸಿ ಭಾಷೆಯಲ್ಲಿ. ಕಾಲೇಜಿನಲ್ಲಿ ಟರ್ಬೊ ಸಿ ಕಲಿತವನು. ಸ್ಕ್ರೀನ್ ಅಳಿಸಲು, ಕರ್ಸರ್ ಸರಿಸಲು ಎಸ್ಕೇಪ್ ಕೋಡ್‌ಗಳನ್ನು (ಟರ್ಮಿನಲ್‌ಗೆ ಆಜ್ಞೆ ಕೊಡುವ ಬೈಟುಗಳನ್ನು) ಸಿಯ ಬರೆಯುವ ಫಂಕ್ಷನ್ ಪ್ರಿಂಟ್‌ಎಫ್ ಒಳಗೇ ಬರೆದಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಓಡುತ್ತದೆ, ಸ್ವಲ್ಪ ಮಿಣಮಿಣ ಅನ್ನುತ್ತದೆ ಅಷ್ಟೇ. ಆದರೆ ಕುಲುಮೆ ಪಕ್ಕ ಸೀರಿಯಲ್ ಕೇಬಲ್‌ಗೆ ಹಾಕಿರುವ ಹಳೇ ಟರ್ಮಿನಲ್‌ನಲ್ಲಿ ಬರೀ ಕಸ. ಬಾಣದ ಕೀಗಳು ಒಮ್ಮೆ ಕೆಲಸ ಮಾಡುತ್ತವೆ, ಒಮ್ಮೆ ಇಲ್ಲ. ಪ್ರೋಗ್ರಾಂ ಮಧ್ಯದಲ್ಲಿ ಸತ್ತರೆ ಆಮೇಲೆ ಟೈಪ್ ಮಾಡಿದ್ದೇ ಕಾಣಲ್ಲ. ಒಬ್ಬರು ‘ಪರದೆ ನೋಡಿಕೊಳ್ಳುವ ಕರ್ಸಸ್ ಲೈಬ್ರರಿ ಬಳಸಿ’ ಅಂದರು. ಇನ್ನೊಬ್ಬರು ‘ಅದು 40 ವರ್ಷದ ಹಳೇ ಸಾಮಾನು, ಈಗ ಎಲ್ಲ ಟರ್ಮಿನಲ್ಲೂ ಒಂದೇ’ ಅಂದರು. ಯಾರ ಮಾತು ಕೇಳಲಿ? ಕುಲುಮೆಗಳ ಹೆಸರನ್ನು ಕನ್ನಡದಲ್ಲೇ ತೋರಿಸಬಹುದಾ?

ಉತ್ತರ: ಇಬ್ಬರೂ ಅರ್ಧ ಅರ್ಧ ಸರಿ. ಇವತ್ತು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ತೆರೆಯುವ ಯಾವ ಟರ್ಮಿನಲ್ ಕಿಟಕಿಯಾದರೂ ಡಿಇಸಿ ಕಂಪನಿ 1978ರಲ್ಲಿ ತಂದ ವಿಟಿ100 ಟರ್ಮಿನಲ್‌ನ ವಂಶದ್ದೇ. ಆ ಮಟ್ಟಿಗೆ ಎರಡನೆಯವರ ಮಾತು ನಿಜ. ಆದರೆ ಕುಲುಮೆ ಪಕ್ಕದ ಪೆಟ್ಟಿಗೆ ಆ ವಂಶದ್ದಲ್ಲ, ಅಥವಾ ಸದ್ಯಕ್ಕೆ ಬೇರೆ ವೇಷದಲ್ಲಿದೆ. ಇನ್ನೊಂದು ವಿಷಯ. ಲೋಕದ ಎಲ್ಲ ಟರ್ಮಿನಲ್ ಒಂದೇ ಆಗಿದ್ದರೂ ನಿಮ್ಮ ಪ್ರೋಗ್ರಾಂಗೆ ನಾನು ಕರ್ಸಸ್ಸನ್ನೇ ಹೇಳುತ್ತಿದ್ದೆ. ಅದರ ಕಾರಣ ಹಾರ್ಡ್‌ವೇರ್ ಅಲ್ಲ, ನಿಮ್ಮ ಆ ಮಿಣಮಿಣ. ಅಲ್ಲಿಗೆ ಬರುತ್ತೇನೆ.

ಟರ್ಬೊ ಸಿಯಿಂದ ಶುರು ಮಾಡೋಣ, ಯಾಕೆಂದರೆ ಅಲ್ಲಿ ಕಲಿತವರಿಗೆಲ್ಲ (ನನಗೂ) ಒಂದು ತಪ್ಪು ನಂಬಿಕೆ ಅಂಟಿಕೊಂಡಿರುತ್ತದೆ. ಕ್ಲಿಯರ್ ಸ್ಕ್ರೀನ್ ಅಂದರೆ ಸ್ಕ್ರೀನ್ ಅಳಿಸುತ್ತದೆ, ಗೋಟುಎಕ್ಸ್‌ವೈ ಅಂದರೆ ಕರ್ಸರ್ ಹೋಗುತ್ತದೆ, ಅದರಲ್ಲಿ ಏನು ಮಹಾ? ಅಲ್ಲಿ ಇದ್ದದ್ದು ಒಂದೇ ಥರದ ಪಿಸಿ. ಟರ್ಬೊ ಸಿಯ ಆ ಲೈಬ್ರರಿ ಅಕ್ಷರಗಳನ್ನು ನೇರವಾಗಿ ವಿಡಿಯೊ ಮೆಮೊರಿಗೇ ಬರೆಯುತ್ತಿತ್ತು. ಪರದೆ ಕಂಪ್ಯೂಟರಿನ ಹೊಟ್ಟೆಯೊಳಗೇ ಇತ್ತು ಅನ್ನಿ. ಯುನಿಕ್ಸ್ ಬೆಳೆದ ಮನೆ ಬೇರೆ. ಅಲ್ಲಿ ಟರ್ಮಿನಲ್ ಅಂದರೆ ತಂತಿಯ ಆಚೆ ತುದಿಯಲ್ಲಿ, ಕೆಲವೊಮ್ಮೆ ಟೆಲಿಫೋನ್ ಲೈನಿನ ಆಚೆ, ಕೂತಿರುವ ಇನ್ನೊಂದು ಯಂತ್ರ. ಅದರ ಮೆಮೊರಿ ನಿಮ್ಮ ಕೈಗೆ ಸಿಗಲ್ಲ. ಬೈಟುಗಳನ್ನು ಕಳಿಸಬಹುದು, ಆಮೇಲೆ ಅದು ಏನು ಮಾಡಿತು ಅಂತ ನಂಬಬೇಕು, ಅಷ್ಟೇ.

ಮತ್ತೆ ಆ ಯಂತ್ರಗಳ ಭಾಷೆ ಒಂದೊಂದೂ ಒಂದೊಂದು ಥರ. ಐದನೇ ಸಾಲು, ಹತ್ತನೇ ಕಾಲಮಿಗೆ ಕರ್ಸರ್ ಹೋಗಲಿ ಅಂತ ಹೇಳಬೇಕು ಅಂದುಕೊಳ್ಳಿ. ವಿಟಿ100ಕ್ಕಾದರೆ ಎಸ್ಕೇಪ್, ಚೌಕ ಕಂಸ, 5, ಸೆಮಿಕೋಲನ್, 10, ಕೊನೆಗೆ ಎಚ್ ಅಕ್ಷರ. ಅದಕ್ಕಿಂತ ಮುಂಚಿನ ವಿಟಿ52ಕ್ಕೆ ಎಸ್ಕೇಪ್, ವೈ ಅಕ್ಷರ, ಆಮೇಲೆ ಎರಡೇ ಬೈಟು. ಸೊನ್ನೆಯಿಂದ ಎಣಿಸಿದ ಸಾಲಿಗೆ 32 ಸೇರಿಸಿದರೆ 36, ಅದು ಡಾಲರ್ ಚಿಹ್ನೆ. ಕಾಲಮಿಗೆ 32 ಸೇರಿಸಿದರೆ 41, ಅದು ಮುಚ್ಚುವ ಕಂಸ. ಲಿಯರ್ ಸೀಗ್ಲರ್ ಕಂಪನಿಯ ಎಡಿಎಂ-3ಎ ಟರ್ಮಿನಲ್‌ಗೆ ಅದೇ ಎರಡು ಬೈಟು, ಆದರೆ ವೈ ಜಾಗದಲ್ಲಿ ಸಮಚಿಹ್ನೆ. ವೈಸ್ 50 ಟರ್ಮಿನಲ್ಲೂ ಈ ಎಡಿಎಂ ಪದ್ಧತಿಯದ್ದೇ. ನಿಮ್ಮ ಕಾರ್ಖಾನೆಯದ್ದು ಇಂಥದ್ದೇ ಒಂದು ಇರಬೇಕು ಅಂತ ನನ್ನ ಊಹೆ. ಅದಕ್ಕೆ ವಿಟಿ100ರ ಕೋಡ್ ಕಳಿಸಿದರೆ ಅರ್ಥವಾಗದ ಭಾಗವನ್ನು ಅಕ್ಷರ ಅಂತಲೇ ತಿಳಿದು ಪರದೆ ಮೇಲೆ ಸುರಿಯುತ್ತದೆ. ನೀವು ಕಸ ಅಂದದ್ದು ಅದೇ.

ಬರೀ ಕೋಡ್ ಬೇರೆ ಆಗಿದ್ದರೆ ಒಂದು ಕೋಷ್ಟಕ ಮಾಡಿ ಮುಗಿಸಬಹುದಿತ್ತು. ಸ್ವಭಾವವೂ ಬೇರೆ ಬೇರೆ ಇತ್ತು! ಹೇಜಲ್ಟೈನ್ ಕಂಪನಿಯ ಟರ್ಮಿನಲ್‌ಗಳಲ್ಲಿ ಎಸ್ಕೇಪ್ ಬದಲು ಟಿಲ್ಡ (~) ಚಿಹ್ನೆಯೇ ಆಜ್ಞೆಯ ಮುನ್ಸೂಚನೆ, ಹಾಗಾಗಿ ಟಿಲ್ಡವನ್ನು ಪರದೆ ಮೇಲೆ ತೋರಿಸುವುದೇ ಆಗುತ್ತಿರಲಿಲ್ಲ. ಟಿಲ್ಡವೂ ಬೇಕಾಗುವ ಸಿ ಪ್ರೋಗ್ರಾಂ ಬರೆಯುವವನ ಪಾಡು ನೋಡಿ. ಟೆಲಿವಿಡಿಯೊ 912 ಥರದವುಗಳಲ್ಲಿ ಅಕ್ಷರ ಎದ್ದು ಕಾಣುವಂತೆ ಮಾಡುವ ಗುರುತೇ ಪರದೆ ಮೇಲೆ ಒಂದು ಅಕ್ಷರದ ಜಾಗ ತಿಂದುಬಿಡುತ್ತಿತ್ತು. ವಿಟಿ100ರಲ್ಲಿ ಇನ್ನೊಂದು ತಮಾಷೆ, 80ನೇ ಕಾಲಮಿನಲ್ಲಿ ಅಕ್ಷರ ಬರೆದರೆ ಕರ್ಸರ್ ಕೆಳಗಿನ ಸಾಲಿಗೆ ಇಳಿಯಲ್ಲ, ಹೊಸ್ತಿಲಲ್ಲೇ ನಿಂತಿರುತ್ತದೆ, ಮುಂದಿನ ಅಕ್ಷರ ಬಂದರೆ ಮಾತ್ರ ದಾಟುತ್ತದೆ. ಇವತ್ತಿನ ಎಕ್ಸ್‌ಟರ್ಮ್ ಕಿಟಕಿಯೂ ಹಾಗೇ ಮಾಡುತ್ತದೆ. ಅಪ್ಪ ನೆಟ್ಟ ಆಲದ ಮರ. ಇದೆಲ್ಲದರ ಮೇಲೆ ಸಮಯದ ಪ್ರಶ್ನೆ ಬೇರೆ. ಪರದೆ ಅಳಿಸಲು ಆ ಯಂತ್ರಕ್ಕೆ ಹೊತ್ತು ಬೇಕು, ಅಷ್ಟರಲ್ಲಿ ನೀವು ಕಳಿಸಿದ ಅಕ್ಷರಗಳು ಕಳೆದುಹೋಗಬಹುದು. ವಿಟಿ100ರ ವಿವರಣೆಯಲ್ಲಿ ಪರದೆ ಅಳಿಸಿದ ಮೇಲೆ 50 ಮಿಲಿಸೆಕೆಂಡ್ ತಾಳಿ ಅಂತ ಇವತ್ತಿಗೂ ಬರೆದಿದೆ.

‘ವಿವರಣೆ’ ಅಂದೆನಲ್ಲ, ಅದೇ ಇದಕ್ಕೆಲ್ಲ ಸಿಕ್ಕ ಮದ್ದು. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬಿಲ್ ಜಾಯ್ ತನ್ನ ವಿಐ ಎಡಿಟರ್ ಬರೆಯುತ್ತಿದ್ದ ಕಾಲ. ಅವನ ಹತ್ತಿರ ಇದ್ದದ್ದು ಎಡಿಎಂ-3ಎ. ವಿಐನಲ್ಲಿ ಇವತ್ತಿಗೂ ಎಚ್, ಜೆ, ಕೆ, ಎಲ್ ಒತ್ತಿ ಓಡಾಡುತ್ತೇವಲ್ಲ, ಆ ಕೀಬೋರ್ಡಿನಲ್ಲಿ ಆ ನಾಲ್ಕು ಕೀಗಳ ಮೇಲೇ ಬಾಣ ಬರೆದಿತ್ತು, ಅದಕ್ಕೇ. ಎಡಿಟರ್ ಎಲ್ಲರ ಟರ್ಮಿನಲ್‌ನಲ್ಲೂ ಓಡಬೇಕು ಅಂತ 1978ರಲ್ಲಿ ಟರ್ಮ್‌ಕ್ಯಾಪ್ ಅನ್ನುವ ಒಂದು ಸಾದಾ ಟೆಕ್ಸ್ಟ್ ಫೈಲ್ ಮಾಡಿದ. ಒಂದೊಂದು ಟರ್ಮಿನಲ್‌ಗೆ ಒಂದೊಂದು ಜಾತಕ. ಎಷ್ಟು ಸಾಲು, ಎಷ್ಟು ಕಾಲಂ, ಅಳಿಸಲು ಏನು ಕಳಿಸಬೇಕು, ಕರ್ಸರ್ ಸರಿಸಲು ಏನು, ಮೇಲಿನ ಬಾಣ ಒತ್ತಿದರೆ ಏನು ಬರುತ್ತದೆ, ಟಿಲ್ಡ ಬರೆಯಲು ಬರುತ್ತದೋ ಇಲ್ಲವೋ. ಆಮೇಲೆ ಅಲ್ಲೇ ಇದ್ದ ಕೆನ್ ಆರ್ನಾಲ್ಡ್, ವಿಐ ಒಳಗಿದ್ದ ಕರ್ಸರ್ ಸರಿಸುವ ಜಾಣತನವನ್ನು ಬೇರೆ ತೆಗೆದು, ಯಾರು ಬೇಕಾದರೂ ಬಳಸುವ ಲೈಬ್ರರಿ ಮಾಡಿದ. ಅದೇ ಕರ್ಸಸ್, 1980ರ ಸುಮಾರು. ಅದರ ಹೆಸರು ಹರಡಿದ್ದು ರೋಗ್ ಅನ್ನುವ ನೆಲಮಾಳಿಗೆ ಆಟದಿಂದ, ಆ ಆಟದಲ್ಲೂ ಆರ್ನಾಲ್ಡ್ ಕೈಯಿತ್ತು.

ಟರ್ಮ್‌ಕ್ಯಾಪ್ ದೊಡ್ಡದಾಗುತ್ತಾ ಹುಡುಕುವುದು ನಿಧಾನ ಆಯಿತು. ಬೆಲ್ ಲ್ಯಾಬ್ಸ್‌ನಲ್ಲಿ ಮಾರ್ಕ್ ಹಾರ್ಟನ್ ಅದರ ಬದಲು ಟರ್ಮ್‌ಇನ್ಫೊ ತಂದ. ಅದರಲ್ಲಿ ಒಂದೊಂದು ಟರ್ಮಿನಲ್‌ಗೂ ಕಂಪೈಲ್ ಮಾಡಿಟ್ಟ ಬೇರೆ ಫೈಲ್. ಇಂದು ಲಿನಕ್ಸ್‌ನಲ್ಲಿ ಇರುವುದು ಎನ್‌ಕರ್ಸಸ್. ಪಾವೆಲ್ ಕರ್ಟಿಸ್ 1982ರಲ್ಲಿ ಶುರು ಮಾಡಿದ, ಎಲ್ಲರಿಗೂ ಮುಕ್ತವಾದ ಕರ್ಸಸ್ ನಕಲನ್ನು 1993ರಲ್ಲಿ ಜೈದ್ ಬೆನ್-ಹಲೀಮ್ ಮುಂದುವರಿಸಿದ, ಎರಿಕ್ ರೇಮಂಡ್ ಕೈಜೋಡಿಸಿದ, 1990ರ ದಶಕದ ನಡುವಿನಿಂದ ಇವತ್ತಿನವರೆಗೆ ಥಾಮಸ್ ಡಿಕಿ ನೋಡಿಕೊಂಡು ಬಂದಿದ್ದಾನೆ. ನಿಮ್ಮ ಗೆಳೆಯರು ಹಳೇ ಸಾಮಾನು ಅಂದದ್ದು ಸರಿ, ಆದರೆ ದಿನಾ ಒರೆಸಿ ಇಟ್ಟ ಸಾಮಾನು.

ಈಗ ಮಿಣಮಿಣಕ್ಕೆ ಬರೋಣ.

ನಿಮ್ಮ ಪ್ರೋಗ್ರಾಂ ಸೆಕೆಂಡಿಗೊಮ್ಮೆ ಪರದೆ ಪೂರ್ತಿ ಅಳಿಸಿ ಪೂರ್ತಿ ಬರೆಯುತ್ತದೆ, ಅಲ್ವಾ? ಪರದೆ ಅಂದರೆ 24 ಸಾಲು, 80 ಕಾಲಂ. ಚೌಕಾಬಾರದ ಮನೆಗಳ ಥರ ಎಣಿಸಿದರೆ 1920 ಮನೆ. 9600 ಬಾಡ್ (ಸೆಕೆಂಡಿಗೆ 9600 ಬಿಟ್) ಸೀರಿಯಲ್ ಲೈನಿನಲ್ಲಿ ಒಂದು ಅಕ್ಷರಕ್ಕೆ ಹಿಂದೆ ಮುಂದಿನ ಬಿಟ್ ಸೇರಿ 10 ಬಿಟ್, ಅಂದರೆ ಸೆಕೆಂಡಿಗೆ 960 ಅಕ್ಷರ. ಪರದೆ ತುಂಬಲು 2 ಸೆಕೆಂಡ್. ನೀವು ಸೆಕೆಂಡಿಗೊಮ್ಮೆ ಬರೆಯುತ್ತಿದ್ದೀರಿ! ಪರದೆಯ ಅರ್ಧ ತುಂಬಿದ್ದರೂ ಲೈನ್ ಪೂರ್ತಿ ನಿಮ್ಮ ಪ್ರೋಗ್ರಾಂಗೇ ಹೋಯಿತು. ಬಿಲ್ ಜಾಯ್ ವಿಐ ಬರೆದಾಗ ಲೆಕ್ಕಕ್ಕೆ ಇಟ್ಟುಕೊಂಡಿದ್ದು 300 ಬಾಡ್ ಮೋಡೆಮ್. ಅದರಲ್ಲಿ ಇದೇ ಪರದೆಗೆ 64 ಸೆಕೆಂಡ್ ಬೇಕು. ಕಾಫಿಗೆ ಡಿಕಾಕ್ಷನ್ ಇಳಿಯುವಷ್ಟು ಹೊತ್ತಲ್ಲದಿದ್ದರೂ ಹಾಲು ಉಕ್ಕಿ ಹೋಗುವಷ್ಟು ಹೊತ್ತು. ಅಂಥ ಲೈನಿನಲ್ಲಿ ಪೂರ್ತಿ ಪರದೆಯ ಎಡಿಟರ್ ಓಡಬೇಕಾದರೆ, ಬದಲಾಗದ ಒಂದು ಅಕ್ಷರವನ್ನೂ ಕಳಿಸಬಾರದು. ಆ ಜಿಪುಣತನವೇ ಕರ್ಸಸ್‌ನ ಜೀವ.

ಅದು ಮಾಡುವುದು ಇಷ್ಟು. ತನ್ನ ಹತ್ತಿರ ಪರದೆಯ ಎರಡು ಚಿತ್ರ ಇಟ್ಟುಕೊಳ್ಳುತ್ತದೆ. ಒಂದು, ಟರ್ಮಿನಲ್ ಮೇಲೆ ಈಗ ಏನಿದೆ ಅನ್ನುವ ಚಿತ್ರ. ಇನ್ನೊಂದು, ಏನಿರಬೇಕು ಅನ್ನುವ ಚಿತ್ರ. ನೀವು ಬರೆಯುವುದೆಲ್ಲ ಎರಡನೆಯದಕ್ಕೆ ಮಾತ್ರ, ತಂತಿಯ ಮೇಲೆ ಒಂದು ಬೈಟೂ ಹೋಗಲ್ಲ. ರಿಫ್ರೆಶ್ ಅಂದಾಗ ಎರಡನ್ನೂ ಮನೆಮನೆ ಹೋಲಿಸಿ, ವ್ಯತ್ಯಾಸ ಇರುವಲ್ಲಿಗೆ ಮಾತ್ರ ಹೋಗಿ ಬರೆದು ಬರುತ್ತದೆ. ಕುಲುಮೆಯ ಉಷ್ಣತೆ 843ರಿಂದ 845 ಆಯಿತು ಅನ್ನಿ. ಬದಲಾದದ್ದು ಕೊನೆಯ ಅಂಕಿ ಒಂದೇ. ಅಲ್ಲಿಗೆ ಹೋಗಲು ವಿಟಿ100 ಭಾಷೆಯಲ್ಲಿ ಸುಮಾರು 7 ಬೈಟು, ಅಂಕಿಗೆ 1. ಒಟ್ಟು 8. ಹನ್ನೆರಡೂ ಕುಲುಮೆಗಳ ಒಂದೊಂದು ಅಂಕಿ ಬದಲಾದರೂ ನೂರರೊಳಗೇ ಮುಗಿಯಿತು, ಅಂದರೆ 9600 ಬಾಡ್‌ನಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ. ಹೋಗುವ ದಾರಿಯಲ್ಲೂ ಅದು ಲೆಕ್ಕ ಹಾಕುತ್ತದೆ. ಎರಡೇ ಮನೆ ಬಲಕ್ಕೆ ಹೋಗಬೇಕಿದ್ದರೆ ಇಡೀ ವಿಳಾಸ ಕಳಿಸುವ ಬದಲು ಅಲ್ಲಿರುವ ಎರಡು ಅಕ್ಷರವನ್ನೇ ಮತ್ತೆ ಬರೆದು ಮುಂದೆ ಹೋಗುತ್ತದೆ, ಎರಡು ಬೈಟಿಗೆ ಕೆಲಸ ಆಯಿತು. ಸಾಲಿನ ಮೊದಲಿಗೆ ಹೋಗಬೇಕಿದ್ದರೆ ಕ್ಯಾರೇಜ್ ರಿಟರ್ನ್ ಒಂದೇ ಸಾಕು. ಇದನ್ನೆಲ್ಲ ನೀವು ಕೈಯಲ್ಲಿ ಮಾಡಬಹುದು, ಮಾಡಿದವರಿದ್ದಾರೆ, ಒಂದು ವರ್ಷ ಆದ ಮೇಲೆ ಅವರ ಹತ್ತಿರ ಇರುವುದು ಅರ್ಧ ಕರ್ಸಸ್.

ನಿಮ್ಮ ಕೋಡ್ ಬದಲಾಗಬೇಕಾದ್ದು ಇಲ್ಲೇ. ಇಷ್ಟು ದಿನ ನೀವು ಟರ್ಮಿನಲ್‌ಗೆ ಅಲ್ಲಿಗೆ ಹೋಗು, ಅದನ್ನು ಅಳಿಸು, ಇದನ್ನು ಬರಿ ಅಂತ ಆಜ್ಞೆ ಕೊಡುತ್ತಿದ್ದಿರಿ. ಇನ್ನು ಮೇಲೆ ಪರದೆ ಹೇಗಿರಬೇಕು ಅಂತ ಹೇಳಿ ಸುಮ್ನೆ ಕೂರಿ. ಟರ್ಬೊ ಸಿ ಅಭ್ಯಾಸದವರಿಗೆ ಇದೇ ಕಷ್ಟ, ಪ್ರಿಂಟ್ ಮಾಡಿದೆ ಆದರೆ ಕಾಣಲ್ಲ ಅಂತ ಬರುತ್ತಾರೆ. ರಿಫ್ರೆಶ್ ಹೇಳಿರಲ್ಲ. ಇನ್ನೊಂದು ಎಡವಟ್ಟು, ಗೋಟುಎಕ್ಸ್‌ವೈಯಲ್ಲಿ ಕಾಲಂ ಮೊದಲು, ಸಾಲು ಆಮೇಲೆ, ಎಣಿಕೆ ಒಂದರಿಂದ. ಕರ್ಸಸ್‌ನ ಮೂವ್‌ನಲ್ಲಿ ಸಾಲು ಮೊದಲು, ಕಾಲಂ ಆಮೇಲೆ, ಎಣಿಕೆ ಸೊನ್ನೆಯಿಂದ. ಮೊದಲ ವಾರ ತಲೆ ಕೆಡುತ್ತದೆ, ಆಮೇಲೆ ರೂಢಿ.

ಕರ್ಸಸ್‌ಗೆ ಬಂದ ಮೇಲೂ ಮಿಣಮಿಣ ಹೋಗಲಿಲ್ಲ ಅನ್ನುವವರೇ ಜಾಸ್ತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪರದೆ ಖಾಲಿ ಮಾಡಲು ಅಲ್ಲಿ ಎರಡು ಫಂಕ್ಷನ್ ಇವೆ, ಕ್ಲಿಯರ್ ಮತ್ತು ಇರೇಸ್. ಹೆಸರು ನೋಡಿದರೆ ಒಂದೇ. ಇರೇಸ್ ‘ಏನಿರಬೇಕು’ ಅನ್ನುವ ಚಿತ್ರವನ್ನು ಮಾತ್ರ ಖಾಲಿ ಮಾಡುತ್ತದೆ, ಆಮೇಲೆ ನೀವು ಅದೇ ಅಕ್ಷರ ಬರೆದರೆ ಹೋಲಿಕೆಯಲ್ಲಿ ವ್ಯತ್ಯಾಸವೇ ಇರಲ್ಲ. ಕ್ಲಿಯರ್ ಹಾಗಲ್ಲ. ಮುಂದಿನ ರಿಫ್ರೆಶ್‌ನಲ್ಲಿ ನಿಜವಾದ ಪರದೆಯನ್ನೂ ಅಳಿಸಿ ಎಲ್ಲ ಹೊಸದಾಗಿ ಬರಿ ಅಂತ ಗುರುತು ಹಾಕಿಬಿಡುತ್ತದೆ. ಲೂಪಿನೊಳಗೆ ಕ್ಲಿಯರ್ ಇಟ್ಟರೆ ನಿಮ್ಮ ಹಳೇ ಪ್ರೋಗ್ರಾಂ ವಾಪಸ್ ಬಂದ ಹಾಗೆ, ಕರ್ಸಸ್ ಇದ್ದೂ ಇಲ್ಲ. ಲೂಪಿನಲ್ಲಿ ಇರೇಸ್ ಬಳಸಿ.

ಇನ್ನೊಂದು ಎಚ್ಚರಿಕೆ ನನ್ನ ಸ್ವಂತ ಖರ್ಚಿನಲ್ಲಿ ಕಲಿತದ್ದು. ಕೆಲಸಕ್ಕೆ ಸೇರಿದ ಹೊಸತು. ಒಂದು ಗೋಡೌನಿನ ಸ್ಟಾಕ್ ಪ್ರೋಗ್ರಾಂ, ಕರ್ಸಸ್‌ನಲ್ಲೇ ಬರೆದದ್ದು, ಬೆಳಗ್ಗೆ ಚೆನ್ನಾಗಿರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಎಲ್ಲ ಸಾಲೂ ಒಂದು ಮನೆ ಮೇಲೆ ಜರುಗಿ ತಲೆಬರಹ ಮಾಯ. ಲೆಕ್ಕ ಬರೆಯುವವರು ಅಕ್ಕಿ ಮೂಟೆಯ ಸಂಖ್ಯೆಯನ್ನು ಬೇಳೆ ಸಾಲಿನಿಂದ ಓದಿ ಬರೆದುಕೊಂಡಿದ್ದರು. ಮೂರು ದಿನ ಹುಡುಕಿದೆ. ಕೊನೆಗೆ ಸಿಕ್ಕಿದ್ದು ನಾನೇ ಮರೆತು ಬಿಟ್ಟಿದ್ದ ಒಂದು ಪ್ರಿಂಟ್‌ಎಫ್, ಅಪರೂಪಕ್ಕೆ ಬರುವ ಒಂದು ತಪ್ಪಿನ ಸಂದೇಶ. ಅದು ಪರದೆಯ ಕೊನೇ ಸಾಲಿನಲ್ಲಿ ಹೊಸ ಸಾಲು ಕೇಳಿತು, ಟರ್ಮಿನಲ್ ಒಂದು ಸಾಲು ಮೇಲೆ ಸರಿಸಿತು, ಕರ್ಸಸ್‌ಗೆ ಮಾತ್ರ ಗೊತ್ತೇ ಇಲ್ಲ. ಪರದೆ ಮೇಲೆ ಏನಿದೆ ಅಂತ ಅದು ಕಣ್ಣಿನಿಂದ ನೋಡುವುದಿಲ್ಲವಲ್ಲ, ತಾನು ಕಳಿಸಿದ್ದರ ನೆನಪಿನಿಂದ ಹೇಳುತ್ತದೆ. ಬೇರೆಯವರು ನಡುವೆ ಕೈ ಹಾಕಿದರೆ ಆ ನೆನಪು ಸುಳ್ಳಾಗುತ್ತದೆ. ಹಾಗಾಗಿ ಕರ್ಸಸ್ ಶುರುವಾದ ಮೇಲೆ ಪ್ರಿಂಟ್‌ಎಫ್ ಬೇಡವೇ ಬೇಡ, ತಪ್ಪಿನ ಸಂದೇಶ ಎಲ್ಲ ಫೈಲಿಗೆ ಹೋಗಲಿ. ಜೊತೆಗೆ ಕಂಟ್ರೋಲ್-ಎಲ್ ಒತ್ತಿದರೆ ಪರದೆ ಪೂರ್ತಿ ಹೊಸದಾಗಿ ಬರೆಯುವ ವ್ಯವಸ್ಥೆ ಇಡಿ. ಕ್ಲಿಯರ್‌ಗೆ ಸರಿಯಾದ ಜಾಗ ಅದೊಂದೇ.

ಬಾಣದ ಕೀಗಳ ವಿಷಯ. ವಿಟಿ100 ವಂಶದಲ್ಲಿ ಮೇಲಿನ ಬಾಣ ಎರಡು ಥರ ಮಾತಾಡುತ್ತದೆ. ಮಾಮೂಲಿ ಸ್ಥಿತಿಯಲ್ಲಿ ಎಸ್ಕೇಪ್, ಚೌಕ ಕಂಸ, ಎ. ಇನ್ನೊಂದು ಸ್ಥಿತಿಯಲ್ಲಿ ಎಸ್ಕೇಪ್, ಓ, ಎ. ನಿಮಗಿಂತ ಮುಂಚೆ ಓಡಿದ ಪ್ರೋಗ್ರಾಂ ಯಾವ ಸ್ಥಿತಿಯಲ್ಲಿ ಬಿಟ್ಟುಹೋಗಿದೆಯೋ ಅದರ ಮೇಲೆ ನಿಮ್ಮ ಕೋಡ್ ಒಮ್ಮೆ ಸರಿ, ಒಮ್ಮೆ ತಪ್ಪು. ಕರ್ಸಸ್‌ನಲ್ಲಿ ಕೀಪ್ಯಾಡ್ ಅನ್ನುವ ಫಂಕ್ಷನ್ನಿಗೆ ನಿಜ ಅಂತ ಕೊಟ್ಟರೆ ಸ್ಥಿತಿಯನ್ನು ತಾನೇ ಹೊಂದಿಸಿ, ಆ ಬೈಟುಗಳನ್ನು ಕೂಡಿಸಿ, ‘ಮೇಲಿನ ಬಾಣ’ ಅನ್ನುವ ಒಂದೇ ಸಂಖ್ಯೆ ನಿಮ್ಮ ಕೈಗೆ ಕೊಡುತ್ತದೆ. ಇದರಲ್ಲಿ ಒಂದು ತೊಡಕಿದೆ. ಯಾರಾದರೂ ಬರೀ ಎಸ್ಕೇಪ್ ಕೀ ಒತ್ತಿದರೆ ಇದು ಬಾಣದ ಶುರುವೋ ಅಥವಾ ಎಸ್ಕೇಪ್ ಅಷ್ಟೆಯೋ ಅಂತ ತಿಳಿಯಲು ಎನ್‌ಕರ್ಸಸ್ ಒಂದು ಸೆಕೆಂಡ್ ಕಾಯುತ್ತದೆ. ಕೀಬೋರ್ಡ್ ಕೆಟ್ಟಿದೆ ಅಂತ ಜನ ಬೈಯುತ್ತಾರೆ. ಸೆಟ್-ಎಸ್ಕ್‌ಡಿಲೇ ಅಂತ ಇದೆ, ಲ್ಯಾಪ್‌ಟಾಪ್‌ಗಾದರೆ 25 ಮಿಲಿಸೆಕೆಂಡ್ ಸಾಕು, ಸೀರಿಯಲ್ ಲೈನಿಗೆ 100 ಇಡಿ.

ನಿಮ್ಮ ಲೂಪಿನಲ್ಲಿ ಸ್ಲೀಪ್ ಇದೆ ಅಂತ ಅಂದುಕೊಂಡಿದ್ದೇನೆ. ತೆಗೆದುಬಿಡಿ. ಟೈಮ್‌ಔಟ್ ಫಂಕ್ಷನ್ನಿಗೆ 1000 ಕೊಟ್ಟು ಗೆಟ್‌ಚ್ ಕರೆಯಿರಿ. ಕೀ ಒತ್ತಿದರೆ ತಕ್ಷಣ ವಾಪಸ್ ಬರುತ್ತದೆ, ಇಲ್ಲದಿದ್ದರೆ ಒಂದು ಸೆಕೆಂಡ್ ಕಾದು ಬರಿಗೈಯಲ್ಲಿ ಬರುತ್ತದೆ, ಆಗ ಉಷ್ಣತೆ ಓದಿ. ಒಂದೇ ಸಾಲಿನಲ್ಲಿ ಗಡಿಯಾರ, ಕೀಬೋರ್ಡ್ ಎರಡೂ ಆಯಿತು. ಟರ್ಬೊ ಸಿಯಲ್ಲೂ ಗೆಟ್‌ಚ್ ಇತ್ತಲ್ಲ, ಪ್ರೋಗ್ರಾಂ ಕೊನೆಯಲ್ಲಿ ಔಟ್‌ಪುಟ್ ನಿಲ್ಲಿಸಲು ಎಲ್ಲರೂ ಹಾಕುತ್ತಿದ್ದರು, ಹೆಸರು ಒಂದೇ, ಆದರೆ ಇದು ಕಾಯುವ ಮುಂಚೆ ತಾನೇ ರಿಫ್ರೆಶ್ ಕೂಡ ಮಾಡುತ್ತದೆ. ಥ್ರೆಡ್ ಬಳಸಿ ಉಷ್ಣತೆ ಓದುತ್ತಿದ್ದರೆ ಪರದೆಗೆ ಬರೆಯುವ ಕೆಲಸ ಒಂದೇ ಥ್ರೆಡ್‌ಗೆ ಬಿಡಿ, ಎರಡು ಕೈ ಒಟ್ಟಿಗೆ ಬರೆದರೆ ಕರ್ಸಸ್ ತಾಳುವುದಿಲ್ಲ.

ಕ್ರ್ಯಾಶ್ ಆದ ಮೇಲೆ ಟೈಪ್ ಮಾಡಿದ್ದು ಕಾಣದೆ ಇರುವುದು ಟರ್ಮಿನಲ್ ತಪ್ಪಲ್ಲ. ನೀವು ಎಕೋ (ಒತ್ತಿದ ಕೀ ಪರದೆ ಮೇಲೆ ಮೂಡುವುದು) ಆರಿಸಿದ್ದಿರಿ, ಮತ್ತೆ ಹಾಕುವ ಮುಂಚೆ ಸತ್ತಿರಿ (ಪ್ರೋಗ್ರಾಂ ಸತ್ತಿತು ಅಂತ ಓದಿಕೊಳ್ಳಿ). ಆ ಕ್ಷಣದ ಔಷಧಿ: ಕಣ್ಣು ಮುಚ್ಚಿಕೊಂಡು ಎಸ್‌ಟಿಟಿವೈ ಸೇನ್ (stty sane) ಅಂತ ಟೈಪ್ ಮಾಡಿ ಕಂಟ್ರೋಲ್-ಜೆ ಒತ್ತಿ, ಎಂಟರ್ ಕೀ ಆಗ ಕೆಲಸ ಮಾಡದೆ ಇರಬಹುದು. ಶಾಶ್ವತ ಔಷಧಿ: ಕರ್ಸಸ್ ಶುರು ಮಾಡುವ ಇನಿಟ್‌ಎಸ್‌ಸಿಆರ್ ಕರೆದ ಮೇಲೆ ಹೊರಗೆ ಹೋಗುವ ಯಾವ ದಾರಿಯಲ್ಲೂ ಅದನ್ನು ಮುಗಿಸುವ ಎಂಡ್‌ವಿನ್ ಇರಲೇಬೇಕು. ಕಂಟ್ರೋಲ್-ಸಿ ಒತ್ತಿದಾಗ ಎನ್‌ಕರ್ಸಸ್ ತಾನೇ ಶುಚಿ ಮಾಡುತ್ತದೆ, ಕಂಟ್ರೋಲ್-ಝಡ್ ಕೂಡ ನೋಡಿಕೊಳ್ಳುತ್ತದೆ. ಸೆಗ್ಮೆಂಟೇಶನ್ ಫಾಲ್ಟ್ (ಮೆಮೊರಿ ತಪ್ಪಿನಿಂದ ಪ್ರೋಗ್ರಾಂ ಬೀಳುವುದು) ಮಾತ್ರ ಅದರ ಲೆಕ್ಕದಲ್ಲಿಲ್ಲ. ಅದಕ್ಕೆ ನಾನು ಮಾಡುವ ಉಪಾಯ, ಪ್ರೋಗ್ರಾಂ ಅನ್ನು ಒಂದು ಪುಟ್ಟ ಶೆಲ್ ಸ್ಕ್ರಿಪ್ಟಿನಿಂದ ಓಡಿಸಿ, ಅದರ ಮುಂದಿನ ಸಾಲಿನಲ್ಲೇ ಎಸ್‌ಟಿಟಿವೈ ಸೇನ್ ಇಡುವುದು. ಚಂದ ಇಲ್ಲ, ಕೆಲಸ ಆಗುತ್ತದೆ.

ಕನ್ನಡ. ಇಲ್ಲಿ ನಿಮಗೆ ಪೂರ್ತಿ ಖುಷಿ ಕೊಡಲು ಆಗಲ್ಲ. ಟರ್ಮಿನಲ್‌ನ ಲೋಕ ನಿಂತಿರುವುದೇ ಒಂದು ಮನೆಗೆ ಒಂದು ಅಕ್ಷರ ಅನ್ನುವ ನಂಬಿಕೆ ಮೇಲೆ. ‘ಕನ್ನಡ’ ಅನ್ನುವ ಪದವನ್ನೇ ತೆಗೆದುಕೊಳ್ಳಿ. ನಮ್ಮ ಕಣ್ಣಿಗೆ 3 ಅಕ್ಷರ. ಯುನಿಕೋಡ್‌ನಲ್ಲಿ 5 ಸಂಕೇತ: ಕ, ನ, ವಿರಾಮ (ಒತ್ತಕ್ಷರ ಕೂಡಿಸುವ ಚಿಹ್ನೆ), ನ, ಡ. ಯುಟಿಎಫ್-8ರಲ್ಲಿ 15 ಬೈಟು. ಟರ್ಮಿನಲ್ ಲೆಕ್ಕದಲ್ಲಿ 4 ಮನೆ, ಯಾಕೆಂದರೆ ವಿರಾಮಕ್ಕೆ ಮನೆ ಇಲ್ಲ, ಉಳಿದ ನಾಲ್ಕಕ್ಕೂ ಒಂದೊಂದು. ಒಂದೇ ಪದಕ್ಕೆ ನಾಲ್ಕು ಲೆಕ್ಕ! ಸ್ವರ ಚಿಹ್ನೆಗಳಲ್ಲೂ ಭೇದ ಇದೆ. ‘ಕಿ’ಯ ಗುಡಿಸು ಮನೆ ಕೇಳಲ್ಲ, ‘ಕಾ’ದ ಇಳಿ ಒಂದು ಮನೆ ಕೇಳುತ್ತದೆ. ಈ ಲೆಕ್ಕವನ್ನು ಕರ್ಸಸ್ ಒಂದು ರೀತಿ, ಟರ್ಮಿನಲ್ ಕಿಟಕಿ ಇನ್ನೊಂದು ರೀತಿ ಮಾಡಿದರೆ, ಆ ಸಾಲಿನಲ್ಲಿ ಬಲಗಡೆ ಇರುವುದೆಲ್ಲ ಜರುಗುತ್ತದೆ. ನೆನಪು ಸುಳ್ಳಾಗುವುದು ಅಂದೆನಲ್ಲ, ಅದೇ ರೋಗ.

ಮಾಡಬೇಕಾದ್ದು ಹೀಗೆ. ಇನಿಟ್‌ಎಸ್‌ಸಿಆರ್‌ಗೆ ಮುಂಚೆ, ಭಾಷೆಯ ವ್ಯವಸ್ಥೆ ಹೊಂದಿಸುವ ಸೆಟ್‌ಲೊಕೇಲ್ ಕರೆಯಿರಿ, ಎನ್‌ಕರ್ಸಸ್ ಬದಲು ಯುನಿಕೋಡ್ ಬಲ್ಲ ಎನ್‌ಕರ್ಸಸ್‌ಡಬ್ಲ್ಯು ಲಿಂಕ್ ಮಾಡಿ. ಇವೆರಡರಲ್ಲಿ ಒಂದು ತಪ್ಪಿದರೂ ಬರುವುದು ಅರ್ಥವಿಲ್ಲದ ಚಿಹ್ನೆಗಳ ಮೆರವಣಿಗೆ. ಪ್ರಿಂಟ್‌ಎಫ್ ಶೈಲಿಯಲ್ಲಿ 20 ಜಾಗ ಬಿಡು ಅಂತ ಹೇಳಿದರೆ ಅದು ಬೈಟು ಎಣಿಸುತ್ತದೆ, ‘ಕನ್ನಡ’ಕ್ಕೆ 15 ಮುಗಿಯಿತು ಅಂತ 5 ಖಾಲಿ ಮಾತ್ರ ಸೇರಿಸುತ್ತದೆ, ಬೇಕಿದ್ದದ್ದು 16. ಹಾಗಾಗಿ ಕಾಲಂ ಹೊಂದಿಸಲು ಅದನ್ನು ನಂಬಬೇಡಿ, ಪ್ರತಿ ಕಾಲಮಿಗೂ ಮೂವ್ ಮಾಡಿ ಬರೆಯಿರಿ. ಎಲ್ಲಕ್ಕಿಂತ ಒಳ್ಳೆಯ ಉಪಾಯ ಬಹಳ ಸರಳ: ಅಂಕಿಗಳನ್ನು ಎಡಗಡೆ ಇಡಿ, ಕನ್ನಡದ ಹೆಸರನ್ನು ಸಾಲಿನ ಕೊನೆಗೆ ಇಡಿ. ಅದು ಜರುಗಿದರೂ ಅದರ ಬಲಕ್ಕೆ ಕೆಡಲು ಏನೂ ಇಲ್ಲ. ಒತ್ತಕ್ಷರ ಸರಿಯಾಗಿ ಕೂಡುತ್ತದೋ ಇಲ್ಲವೋ ಅನ್ನುವುದು ಟರ್ಮಿನಲ್ ಕಿಟಕಿಯ ಕೆಲಸ, ಕರ್ಸಸ್‌ದಲ್ಲ. ಲಿನಕ್ಸ್‌ನ ಬರೀ ಕನ್ಸೋಲಿನಲ್ಲಿ ಫಾಂಟಿಗೆ ಹೆಚ್ಚೆಂದರೆ 512 ಚಿತ್ರ, ಅಲ್ಲಿ ಕನ್ನಡದ ಆಸೆ ಬಿಡಿ. ಕುಲುಮೆ ಪಕ್ಕದ ಹಳೇ ಪೆಟ್ಟಿಗೆಗೂ ಕನ್ನಡ ಬರಲ್ಲ, ಅದಕ್ಕೆ ಕೆ1, ಕೆ2 ಅಂತ ಇಂಗ್ಲಿಷ್ ಅಕ್ಷರದಲ್ಲಿ ಕೊಡಿ.

ಹಾಗಂತ ಎಲ್ಲಕ್ಕೂ ಕರ್ಸಸ್ ಬೇಕು ಅಂತ ನಾನು ಹೇಳಲ್ಲ. ಒಂದು ಸಾಲು ಕೆಂಪಗೆ ಕಾಣಬೇಕು ಅಷ್ಟೇ ಆದರೆ ಇಷ್ಟು ದೊಡ್ಡ ಲೈಬ್ರರಿ ತಂದು ಪರದೆ ಪೂರ್ತಿ ವಶಕ್ಕೆ ತೆಗೆದುಕೊಳ್ಳುವುದು ಹುಚ್ಚುತನ. ಶೆಲ್ ಸ್ಕ್ರಿಪ್ಟಿಗೆ ಟಿಪುಟ್ ಅನ್ನುವ ಪುಟ್ಟ ಕಮಾಂಡ್ ಇದೆ, ಅದು ಅದೇ ಟರ್ಮ್‌ಇನ್ಫೊ ಜಾತಕ ನೋಡಿ ಸರಿಯಾದ ಬೈಟು ಕೊಡುತ್ತದೆ. ಸಿ ಪ್ರೋಗ್ರಾಂ ಆದರೆ ಬಣ್ಣ ಹಾಕುವ ಮುಂಚೆ ಇಸ್‌ಎಟಿಟಿವೈ ಕೇಳಿ, ಆಚೆ ತುದಿಯಲ್ಲಿ ಟರ್ಮಿನಲ್ ಇದೆಯೋ, ಫೈಲ್ ಇದೆಯೋ ಅಂತ. ನಿಮ್ಮ ಕುಲುಮೆ ಪ್ರೋಗ್ರಾಂನಲ್ಲೂ ಅದನ್ನು ಇಡಿ: ಫೈಲಿಗೆ ಹೋಗುತ್ತಿದ್ದರೆ ಕರ್ಸಸ್ ಶುರುವೇ ಮಾಡದೆ ಸೆಕೆಂಡಿಗೊಂದು ಸಾದಾ ಸಾಲು ಬರೆಯಲಿ. ವಿಂಡೋಸ್‌ನಲ್ಲೂ ಬೇಕಾದರೆ ಪಿಡಿಕರ್ಸಸ್ ಇದೆ, ಕೋಡ್ ಹೆಚ್ಚುಕಮ್ಮಿ ಹಾಗೇ ಓಡುತ್ತದೆ. ಸಿ ಬೇಸರ ಬಂದಿದ್ದರೆ ಲಿನಕ್ಸ್‌ನಲ್ಲಿ ಪೈಥಾನ್ ಜೊತೆಗೇ ಕರ್ಸಸ್ ಬರುತ್ತದೆ, ಅದರಲ್ಲಿರುವ ರ‍್ಯಾಪರ್ ಫಂಕ್ಷನ್ ಬಳಸಿದರೆ ಪ್ರೋಗ್ರಾಂ ತಪ್ಪಿ ಬಿದ್ದರೂ ಟರ್ಮಿನಲ್ಲನ್ನು ಸರಿ ಮಾಡಿಯೇ ಬಿಡುತ್ತದೆ.

ಕೊನೆಗೆ ಆ ಹಳೇ ಟರ್ಮಿನಲ್. ಕರ್ಸಸ್‌ಗೆ ಬದಲಾದ ಕೂಡಲೇ ಅದು ಸರಿಯಾಗುತ್ತದೆ ಅಂದುಕೊಳ್ಳಬೇಡಿ. ಕರ್ಸಸ್ ನೋಡುವುದು ಟರ್ಮ್ ಅನ್ನುವ ಎನ್ವಿರಾನ್‌ಮೆಂಟ್ ವೇರಿಯಬಲ್ ಒಂದನ್ನೇ. ಅದರಲ್ಲಿ ಎಕ್ಸ್‌ಟರ್ಮ್ ಅಂತ ಇದ್ದರೆ ಎದುರಿಗೆ ಯಾರೇ ಇರಲಿ ಎಕ್ಸ್‌ಟರ್ಮ್ ಭಾಷೆಯಲ್ಲೇ ಮಾತಾಡುತ್ತದೆ. ಮೊದಲು ಟರ್ಮಿನಲ್‌ನ ಸೆಟಪ್ ಮೆನು ತೆರೆಯಿರಿ. ವಿಟಿ100 ಅಥವಾ ವಿಟಿ220 ಅಂತ ಎಮ್ಯುಲೇಶನ್ ಆಯ್ಕೆ ಇದ್ದರೆ ಅದನ್ನೇ ಹಾಕಿ, ಲಿನಕ್ಸ್ ಕಡೆ ಆ ಸೀರಿಯಲ್ ಲೈನಿನ ಗೆಟಿಗೆ (ಲಾಗಿನ್ ಕೇಳುವ ಪ್ರೋಗ್ರಾಂಗೆ) ಅದೇ ಹೆಸರು ಕೊಡಿ, ಹತ್ತು ನಿಮಿಷದ ಕೆಲಸ. ಆ ಆಯ್ಕೆ ಇಲ್ಲದಿದ್ದರೆ ಹಿಂಬದಿಯ ಚೀಟಿಯಲ್ಲಿ ಮಾಡೆಲ್ ನೋಡಿ. ವೈಸ್ 50 ಆದರೆ ಜಾತಕದ ಹೆಸರು ಡಬ್ಲ್ಯುವೈ50. ಡೆಬಿಯನ್, ಉಬುಂಟುಗಳಲ್ಲಿ ಮಾಮೂಲಿ ಜಾತಕಗಳು ಮಾತ್ರ ಮೊದಲೇ ಇರುತ್ತವೆ, ಇಂಥ ಹಳಬರಿಗೆ ಎನ್‌ಕರ್ಸಸ್-ಟರ್ಮ್ ಅನ್ನುವ ಪ್ಯಾಕೇಜ್ ಬೇರೆ ಹಾಕಬೇಕು. ಇನ್ಫೋಸಿಎಂಪಿ ಕಮಾಂಡಿಗೆ ಆ ಹೆಸರು ಕೊಟ್ಟು ನೋಡಿ, ಜಾತಕ ಪೂರ್ತಿ ಓದಬಹುದು. ಮಜಾ ಇರುತ್ತದೆ. ಎರಡೂ ಕಡೆ ಎಕ್ಸ್‌ಆನ್-ಎಕ್ಸ್‌ಆಫ್ ಹ್ಯಾಂಡ್‌ಶೇಕ್ (‘ತಾಳು’, ‘ಈಗ ಕಳಿಸು’ ಅಂತ ಟರ್ಮಿನಲ್ ಹೇಳುವ ವ್ಯವಸ್ಥೆ) ಹಾಕಿರಿ, ಇಲ್ಲದಿದ್ದರೆ ಜೋರಾಗಿ ಬರೆಯುವಾಗ ಅಕ್ಷರ ಕಳೆದುಹೋಗುತ್ತದೆ, ಆಮೇಲೆ ಕರ್ಸಸ್ ಮೇಲೆ ಅಪವಾದ ಬರುತ್ತದೆ. ಸೀರಿಯಲ್ ಲೈನಿನಲ್ಲಿ ಪರದೆಯ ಅಳತೆ ತಾನಾಗಿ ತಿಳಿಯುವುದಿಲ್ಲ, ಅದನ್ನು ಜಾತಕದಿಂದಲೇ ತೆಗೆದುಕೊಳ್ಳುತ್ತದೆ. 24 ಸಾಲೇ ಇದ್ದರೆ ಸರಿ, 25 ಇದ್ದರೆ ಎಸ್‌ಟಿಟಿವೈಗೆ ಹೇಳಿ. ಹಾಗೆಯೇ ಪರದೆಯ ತೀರಾ ಕೆಳಗಿನ ಬಲ ಮೂಲೆಗೆ ಏನೂ ಬರೆಯಬೇಡಿ. ಅಲ್ಲಿ ಬರೆದ ಮೇಲೆ ಕರ್ಸರ್‌ಗೆ ಹೋಗಲು ಜಾಗ ಇಲ್ಲ, ಕರ್ಸಸ್ ತಪ್ಪು ಅಂತ ಸಂಖ್ಯೆ ವಾಪಸ್ ಕೊಡುತ್ತದೆ, ನೀವು ಸುಮ್ನೆ ಒಂದು ಸಂಜೆ ಹಾಳು ಮಾಡಿಕೊಳ್ಳುತ್ತೀರಿ.

ಇಷ್ಟು ಮಾಡಿದ ಮೇಲೂ ಆ ಪೆಟ್ಟಿಗೆ ಕಸ ಉಗುಳಿದರೆ ಮಾಡೆಲ್ ಹೆಸರನ್ನೂ, ಟರ್ಮ್ ವೇರಿಯಬಲ್‌ನಲ್ಲಿ ಏನಿದೆ ಅನ್ನುವುದನ್ನೂ ಬರೆದು ಕಳಿಸಿ. ಜಾತಕವೇ ಇಲ್ಲದ ಟರ್ಮಿನಲ್ ಆದರೆ ಅದರ ಕೈಪಿಡಿ ನೋಡಿ ನಾವೇ ಒಂದು ಬರೆದು ಟಿಕ್ ಕಮಾಂಡಿನಿಂದ ಕಂಪೈಲ್ ಮಾಡಬಹುದು, ಹತ್ತು ಹದಿನೈದು ಸಾಲು ಅಷ್ಟೇ.